ಜಿಪಿಎ ಬರೆದುಕೊಟ್ಟವರು ಬದುಕಿದ್ದಾರಾ?

"ಸಾರ್, ಜಿಪಿಎ ಇದೆ, ಅಗ್ರಿಮೆಂಟ್ ಇದೆ, ಇಪ್ಪತ್ತೈದು ವರ್ಷದಿಂದ ಕಂದಾಯ ಕಟ್ತಿದ್ದೀನಿ. ಇನ್ನೇನು ಬೇಕು?"

ಬೆಂಗಳೂರಿನ ನನ್ನ ಆಫೀಸಿಗೆ ಬರುವವರಲ್ಲಿ ಎಷ್ಟೋ ಜನರ ಮಾತು ಇದು. ಜಿಪಿಎ ಅಂದರೆ ಜನರಲ್ ಪವರ್ ಆಫ್ ಅಟಾರ್ನಿ, ಮಾಲೀಕರು ಬರೆದುಕೊಡುವ ಅಧಿಕಾರಪತ್ರ. ನಾನು ಮೊದಲು ಕೇಳುವುದು ಒಂದೇ. ಜಿಪಿಎ ಬರೆದುಕೊಟ್ಟವರು ಈಗ ಬದುಕಿದ್ದಾರಾ?

ಬೆಂಗಳೂರಿನ ಚುಂಚಘಟ್ಟದ ಒಂದು ಸೈಟಿನ ಕಥೆ ಕೇಳಿ. 1986ರಲ್ಲಿ ಒಬ್ಬ ಮಹಿಳೆ 10,250 ರೂಪಾಯಿಗೆ ಅಗ್ರಿಮೆಂಟ್ ಮತ್ತು ಜಿಪಿಎ ಮಾಡಿಸಿಕೊಂಡರು. 1997ರಲ್ಲಿ ಮಾಲೀಕರು ತೀರಿಕೊಂಡರು. ಮರುವರ್ಷ ಆಕೆ ಅದೇ ಜಿಪಿಎ ಇಟ್ಟುಕೊಂಡು ಮಗನ ಹೆಸರಿಗೆ ಕ್ರಯಪತ್ರ ರಿಜಿಸ್ಟರ್ ಮಾಡಿಸಿದರು. 2003ರಲ್ಲಿ ಮಾಲೀಕರ ವಾರಸುದಾರರು ಅದೇ ಸೈಟನ್ನು ಬೇರೆಯವರಿಗೆ ಮಾರಿದರು. ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2025ರ ಫೆಬ್ರವರಿ 27ರಂದು ತೀರ್ಪು ಬಂತು. ಮಗ ಸೋತರು.

ಯಾಕೆ? ಜಿಪಿಎ ಅಂದರೆ "ನನ್ನ ಪರವಾಗಿ ನೀನು ಸಹಿ ಹಾಕು" ಅನ್ನುವ ಒಪ್ಪಿಗೆ. ಮಾಲೀಕರೇ ಇಲ್ಲದ ಮೇಲೆ ಯಾರ ಪರವಾಗಿ ಹಾಕುತ್ತೀರಿ? "ಇದನ್ನು ರದ್ದು ಮಾಡುವಂತಿಲ್ಲ ಅಂತ ಬರೆದಿದೆಯಲ್ಲ" ಅನ್ನುತ್ತಾರೆ. ಆ ಪತ್ರದಲ್ಲೂ ಬರೆದಿತ್ತು. ಆ ಪದವೊಂದೇ ಸಾಲದು, ಪಡೆದವರಿಗೆ ಆಸ್ತಿಯಲ್ಲೇ ಹಿತಾಸಕ್ತಿ ಇರಬೇಕು ಎಂದಿತು ಕೋರ್ಟು. ಅಗ್ರಿಮೆಂಟ್ ಇತ್ತಲ್ವಾ? ಅಗ್ರಿಮೆಂಟ್ ಅಂದರೆ ಮುಂದೆ ಮಾರುತ್ತೇನೆ ಅನ್ನುವ ಮಾತು, ಮಾರಾಟ ಅಲ್ಲ. ಅದರಲ್ಲೂ ಅದು ರಿಜಿಸ್ಟರ್ ಆಗಿರಲಿಲ್ಲ.

ಇದು ಹೊಸ ಕಾನೂನೇನೂ ಅಲ್ಲ. 2011ರ ಅಕ್ಟೋಬರ್ 11ರಂದೇ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಪೀಠ, ಜಿಪಿಎ ಮತ್ತು ಅಗ್ರಿಮೆಂಟಿನಿಂದ ಒಡೆತನ ಬರುವುದಿಲ್ಲ ಎಂದು ಬಿಡಿಸಿ ಹೇಳಿತ್ತು. ಆದರೆ ಆಗಲೇ ಆಗಿಹೋದ ವ್ಯವಹಾರಗಳಿಗೆ ಕ್ರಯಪತ್ರ ಮಾಡಿಸಿಕೊಳ್ಳಲು ಅಡ್ಡಿಯಿಲ್ಲ ಎಂದೂ ಹೇಳಿತ್ತು. ಆ ಬಾಗಿಲನ್ನು ನಮ್ಮ ಜನ ಬಳಸಲೇ ಇಲ್ಲ.

ಬಸ್ ಡ್ರೈವರ್ ಆಗಿ ರಿಟೈರ್ ಆದ ಒಬ್ಬರು ಬಂದಿದ್ದರು. ಪ್ರತಿ ಕಾಗದಕ್ಕೂ ಲ್ಯಾಮಿನೇಷನ್ ಮಾಡಿಸಿದ್ದರು. ಸೈಟು ಕೊಟ್ಟ ಯಜಮಾನರು ಆಗಿನ್ನೂ ಇದ್ದರು. ಹಾಸಿಗೆ ಹಿಡಿದಿದ್ದರು. ಈ ವಾರವೇ ಹೋಗಿ ಕ್ರಯಪತ್ರ ಮಾಡಿಸಿಕೊಳ್ಳಿ ಅಂದೆ. "ಮಗಳ ಮದುವೆ ಮುಗೀಲಿ ಸಾರ್, ಸ್ಟಾಂಪ್ ಡ್ಯೂಟಿಗೆ ದುಡ್ಡು ಹೊಂದಿಸಬೇಕು" ಅಂದರು. ಮತ್ತೆ ಬಂದಾಗ ಯಜಮಾನರು ಇರಲಿಲ್ಲ. ಈಗ ಆರು ಮಕ್ಕಳ ಸಹಿ ಬೇಕು, ಇಬ್ಬರು ಒಪ್ಪುತ್ತಿಲ್ಲ. ಆ ದಿನ ನನಗೆ ಊಟ ಸೇರಲಿಲ್ಲ.

ಮಾಲೀಕರು ಹೋಗಿಬಿಟ್ಟರೆ ಎಲ್ಲ ಮುಗಿಯಿತು ಅಂತಲ್ಲ. ವಾರಸುದಾರರು ಒಪ್ಪಿ ಕ್ರಯಪತ್ರ ಬರೆದುಕೊಡಬಹುದು. ಅಗ್ರಿಮೆಂಟ್ ಮೇಲೆ ದಾವೆಯೂ ಹೂಡಬಹುದು, ಆದರೆ ಅದಕ್ಕೆ ಮೂರು ವರ್ಷದ ಗಡುವಿದೆ. ಅದು ಯಾವತ್ತಿನಿಂದ ಅನ್ನುವುದನ್ನು ಕಾಗದ ನೋಡದೆ ಹೇಳಲಾರೆ. ರೆವಿನ್ಯೂ ಸೈಟಾದರೆ, ಅಂದರೆ ಭೂ ಪರಿವರ್ತನೆ ಮಾಡಿಸದ ಕೃಷಿ ಜಮೀನಿನ ಸೈಟಾದರೆ, ರಿಜಿಸ್ಟ್ರೇಷನ್‌ಗೆ ಬೇರೆ ತೊಡಕುಗಳೂ ಇರುತ್ತವೆ.

ಮಾಲೀಕರಿಗೆ ಓಡಾಡಲು ಆಗುವುದಿಲ್ಲ ಅಂತ ಸುಮ್ನೆ ಕೂರಬೇಡಿ. ತಕ್ಕ ಕಾರಣವಿದ್ದರೆ ಸಬ್ ರಿಜಿಸ್ಟ್ರಾರೇ ಮಾಲೀಕರ ಮನೆಗೆ ಬಂದು ರಿಜಿಸ್ಟರ್ ಮಾಡಲು 1908ರ ನೋಂದಣಿ ಕಾಯ್ದೆಯ 31ನೇ ಕಲಂನಲ್ಲಿ ಅವಕಾಶವಿದೆ. ಅರ್ಜಿ ಇವತ್ತೇ ಕೊಡಿ.