‘ರಿಯಾಂಶ್’ ಎಂಬ ಹೆಸರಿಗೆ ಅರ್ಥವಿದೆಯೇ?

ಪ್ರಶ್ನೆ: ನಮಗೆ ಗಂಡುಮಗು ಹುಟ್ಟಿದೆ. ‘ರಿಯಾಂಶ್’ ಎಂದು ಹೆಸರಿಡುವ ಆಸೆ. ಮೊಬೈಲಿನಲ್ಲಿ ಹುಡುಕಿದರೆ ಒಂದು ಕಡೆ ‘ಸೂರ್ಯನ ಮೊದಲ ಕಿರಣ’, ಇನ್ನೊಂದು ಕಡೆ ‘ವಿಷ್ಣುವಿನ ಅಂಶ’ ಎಂದಿದೆ. ಅತ್ತೆಯವರು ಇದು ಹೆಸರೇ ಅಲ್ಲ ಎನ್ನುತ್ತಾರೆ. ಯಾವುದು ಸರಿ?
– ಓದುಗರು, ಅರಸೀಕೆರೆ

ಉತ್ತರ: ಆ ಎರಡು ಅರ್ಥಗಳಿಗೂ ಆಧಾರವಿಲ್ಲ. ‘ಅಂಶ’ ಸಂಸ್ಕೃತದ್ದೇ, ಭಾಗ, ಪಾಲು ಎಂದರ್ಥ. ಆದರೆ ‘ರಿಯಾ’ ಎಂದರೆ ಸಂಸ್ಕೃತದಲ್ಲಿ ಸೂರ್ಯನೂ ಅಲ್ಲ, ವಿಷ್ಣುವೂ ಅಲ್ಲ. ಕಿರಣಕ್ಕೆ ಇಂಗ್ಲಿಷಿನಲ್ಲಿ ‘ರೇ’ ಎನ್ನುವುದರಿಂದ ಆ ಅರ್ಥ ಅಲ್ಲಿಂದ ಬಂದಿರುವಂತೆ ಕಾಣುತ್ತದೆ. ವೇದದಲ್ಲಿ ‘ರಯಿ’ ಎಂದರೆ ಸಂಪತ್ತು, ನಿಜ. ಅದಕ್ಕೆ ಅಂಶ ಸೇರಿದರೆ ಯಣ್ ಸಂಧಿಯಾಗಿ ‘ರಯ್ಯಂಶ’ ಆಗುತ್ತದೆಯೇ ಹೊರತು ರಿಯಾಂಶ್ ಆಗುವುದಿಲ್ಲ.

ಹಾಗೆಂದು ಅತ್ತೆಯವರ ಮಾತನ್ನೂ ನಾನು ಒಪ್ಪಲಾರೆ. ಕಟ್ಟಿದ ಹೆಸರೂ ಹೆಸರೇ. ಇಂಗ್ಲಿಷಿನ ‘ವನೆಸಾ’ ಎಂಬುದನ್ನು ಲೇಖಕ ಜೊನಾಥನ್ ಸ್ವಿಫ್ಟ್ 18ನೇ ಶತಮಾನದ ಆರಂಭದಲ್ಲಿ ತನ್ನ ಗೆಳತಿಯ ಹೆಸರಿನ ತುಣುಕುಗಳಿಂದ ಜೋಡಿಸಿದ. ನಮ್ಮ ನೆರೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಪುಟ್ಟಪ್ಪನವರು ಕುಪ್ಪಳಿ, ವೆಂಕಟಪ್ಪ, ಪುಟ್ಟಪ್ಪ ಎಂಬ ಮೂರರ ಮೊದಲಕ್ಷರ ಕೂಡಿಸಿ ಕುವೆಂಪು ಆದರು. ಒಬ್ಬ ಮಗನಿಗೆ ‘ಕೋಕಿಲೋದಯ ಚೈತ್ರ’ ಎಂದು ಹೆಸರಿಟ್ಟರು. ಎಂಥ ಹೆಸರು! ಯಾರ ವಂಶದಲ್ಲೂ ಇಲ್ಲದ್ದು, ಆದರೂ ಕೇಳಿದೊಡನೆ ಕೋಗಿಲೆಯೂ ವಸಂತವೂ ಕಣ್ಣಮುಂದೆ ಬರುತ್ತವೆ. ಅದಕ್ಕೆ ಅರ್ಥಕೋಶದ ಹಂಗಿಲ್ಲ.

ಹಾಸನದ ಕಡೆ ಹಿಂದೆ ತಾತನ ಹೆಸರು ಮೊಮ್ಮಗನಿಗೆ ಬರುತ್ತಿತ್ತು, ಇಲ್ಲವೇ ಮನೆದೇವರದು: ರಂಗಸ್ವಾಮಿ, ಚೆನ್ನಕೇಶವ, ಕೆಂಚಮ್ಮ. ಈಗ ಶಾಲೆಯಲ್ಲಿ ಇನ್ನಾರಿಗೂ ಇಲ್ಲದ ಹೆಸರು ಬೇಕು. ಅದರ ಮೇಲೆ ನಕ್ಷತ್ರದ ಕಟ್ಟು. 27 ನಕ್ಷತ್ರ, ಒಂದೊಂದಕ್ಕೆ ನಾಲ್ಕು ಪಾದ, ಒಟ್ಟು 108 ಅಕ್ಷರ. ಆರಿದ್ರಾ ನಕ್ಷತ್ರಕ್ಕೆ ಬರುವುದು ಕು, ಘ, ಙ, ಛ. ‘ಙ’ದಿಂದ ಯಾವ ಹೆಸರಿದೆ? ಅಕ್ಷರ ಮೊದಲೇ ನಿಗದಿಯಾಗಿರುವಾಗ ‘ಆಂಶ್’, ‘ವಿಕ್’, ‘ಯಾನ್’ ಎಂಬ ಬಾಲಗಳನ್ನು ಅಂಟಿಸುವುದು ಸುಲಭ. ತಂದೆ ತಾಯಿಯ ಹೆಸರಿನ ಅಕ್ಷರಗಳನ್ನು ಕೂಡಿಸುವವರೂ ಬಹಳ. ನನಗೆ ಅದು ಹೆಚ್ಚು ಇಷ್ಟ, ಅದರಲ್ಲಿ ಮನೆಯವರ ಗುರುತಾದರೂ ಇರುತ್ತದೆ.

ನನ್ನ ತಕರಾರು ಹೆಸರಿನ ಮೇಲಲ್ಲ, ಆಮೇಲೆ ಹೊಸೆದ ಅರ್ಥದ ಮೇಲೆ. ‘ಆರವ್’ ಎಂದರೆ ಶಾಂತ ಎಂದು ಪಟ್ಟಿಗಳಲ್ಲಿ ಬರೆದಿರುತ್ತದೆ. ಸಂಸ್ಕೃತದಲ್ಲಿ ‘ಆರವ’ ಎಂದರೆ ಕೂಗು, ಸದ್ದು; ಕಲರವದಲ್ಲಿರುವುದೂ ಅದೇ ‘ರವ’. ಮುಂದೆ ಮಗನೇ ನಿಘಂಟು ತೆರೆದು ನೋಡಿದಾಗ ಅಪ್ಪ ಅಮ್ಮ ಹೇಳಿದ್ದು ನಿಲ್ಲಬೇಕಲ್ಲವೇ?

ರಿಯಾಂಶ್ ಎಂಬ ದನಿ ನಿಮಗೆ ಹಿಡಿಸಿದ್ದರೆ ಇಡಿ. ‘ನಾವೇ ಕಟ್ಟಿದ್ದು, ನೀನು ನಮ್ಮ ಅಂಶ’ ಎಂದು ಮಗನಿಗೆ ಹೇಳಿ. ಅತ್ತೆಯವರೊಡನೆ ಕುಳಿತು ಮಾತನಾಡಲು ಸಮಯವೂ ಇದೆ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಆದರೆ ಹೆಸರಿಲ್ಲದೆಯೂ ನೋಂದಾಯಿಸಬಹುದು; ಹೆಸರನ್ನು ಒಂದು ವರ್ಷದವರೆಗೆ ಶುಲ್ಕವಿಲ್ಲದೆ ಸೇರಿಸಬಹುದು.