ಕೋಣ ಇತ್ತಾ ಅಂತ ಕೇಳಬೇಡಿ

ಏಳು ವರ್ಷದ ಹುಡುಗ. ತೋಟದ ಕೃಷಿಹೊಂಡಕ್ಕೆ ಬಿದ್ದಿದ್ದ. ಮೇಲೆತ್ತಿದಾಗ ಉಸಿರಿರಲಿಲ್ಲ. ಪಕ್ಕದ ತೋಟದವರು ಎದೆ ಒತ್ತಿ, ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು ಬದುಕಿಸಿದರು. ನಾಲ್ಕು ದಿನ ನಮ್ಮ ಐಸಿಯುನಲ್ಲಿ ವೆಂಟಿಲೇಟರ್ ಮೇಲಿದ್ದ. ವಾರ್ಡಿಗೆ ಬಂದ ಮೇಲೆ ಒಂದು ಬೆಳಿಗ್ಗೆ ತಾನಾಗಿಯೇ ಹೇಳಿದ: "ನಾನು ತೆಂಗಿನ ಮರದಷ್ಟು ಮೇಲಿದ್ದೆ. ಕೆಳಗೆ ಅಪ್ಪ ಅಳ್ತಾ ಇದ್ರು. ಬೆಳಕಿತ್ತು. ನಮ್ಮ ಮಿಸ್ ಬಂದು ಮನೆಗೆ ಹೋಗು ಅಂದ್ರು."

ಅಷ್ಟೇ ಹೇಳಿದ್ದು. ಆ ಮಾತುಗಳನ್ನು ಹಾಗೇ ಕೇಸ್ ಶೀಟಿನಲ್ಲಿ ಬರೆದಿಟ್ಟೆ.

ಮೂರು ವಾರದ ಮೇಲೆ ತಪಾಸಣೆಗೆ ಬಂದಾಗ ಕತೆಗೆ ಒಂದು ಕೋಣ ಸೇರಿತ್ತು. ಹಗ್ಗ ಹಿಡಿದ ಇಬ್ಬರು ಕಪ್ಪನೆಯ ಯಮದೂತರೂ ಬಂದಿದ್ದರು. "ಆಯಸ್ಸು ಗಟ್ಟಿ ಇತ್ತು ಡಾಕ್ಟ್ರೇ, ಯಾರದೋ ಬದಲು ಇವನನ್ನ ಕರ್ಕೊಂಡು ಹೋಗಿದ್ರು" ಎಂದರು ಅಜ್ಜಿ. ನೋಡಲು ಬಂದ ನೆಂಟರೆಲ್ಲ "ಕೋಣ ಇತ್ತಾ ಮಗಾ?" ಎಂದು ಕೇಳಿದ್ದರಂತೆ. ಹುಡುಗ ಸುಳ್ಳು ಹೇಳುತ್ತಿರಲಿಲ್ಲ. ಅಷ್ಟು ಹೊತ್ತಿಗೆ ಅವನ ನೆನಪಿನಲ್ಲಿ ಕೋಣ ನಿಜವಾಗಿಯೂ ನಿಂತಿತ್ತು.

ಅಮೆರಿಕದ ಮನೋವಿಜ್ಞಾನಿ ಸ್ಟೀಫನ್ ಸೆಸಿ 1990ರ ದಶಕದಲ್ಲಿ ಇದನ್ನೇ ಪರೀಕ್ಷಿಸಿದ್ದರು. ಶಾಲೆಗೆ ಸೇರುವ ಮುಂಚಿನ ವಯಸ್ಸಿನ ಮಕ್ಕಳನ್ನು, "ಇಲಿಬೋನಿಗೆ ಬೆರಳು ಸಿಕ್ಕಿ ಆಸ್ಪತ್ರೆಗೆ ಹೋಗಿದ್ದೆಯಾ?" ಎಂದು ವಾರ ವಾರವೂ ಕೇಳಿಸಿದರು. ಹಾಗೇನೂ ಆಗಿರಲಿಲ್ಲ. ಕೊನೆಗೆ ಎಷ್ಟೋ ಮಕ್ಕಳು ಅದನ್ನು ವಿವರವಾಗಿ ಹೇಳತೊಡಗಿದವು.

ಹಾಗಂತ ಅಜ್ಜಿಯ ಕತೆಯನ್ನು ನಾನು ತಳ್ಳಿಹಾಕುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಮನೋವಿಜ್ಞಾನಿ ಸತ್ವಂತ್ ಪಸ್ರಿಚಾ, ಅಮೆರಿಕದ ವರ್ಜೀನಿಯಾದ ಮನೋವೈದ್ಯ ಇಯಾನ್ ಸ್ಟೀವನ್ಸನ್ ಜೊತೆ ಸೇರಿ 1986ರಲ್ಲಿ ಭಾರತದ 16 ಸಾವಿನಂಚಿನ ಅನುಭವಗಳ ಬಗ್ಗೆ ಬರೆದರು. ಆಮೇಲೆ ನಮ್ಮ ಚನ್ನಪಟ್ಟಣದ ಸುತ್ತಲಿನ ಹಳ್ಳಿಗಳಲ್ಲೂ ಸಮೀಕ್ಷೆ ಮಾಡಿದರು. ಭಾರತದ ಕತೆಗಳಲ್ಲಿ ಮತ್ತೆ ಮತ್ತೆ ಬರುವುದು ಇದೇ: ದೂತರು ಬರುತ್ತಾರೆ, ಲೆಕ್ಕದ ಪುಸ್ತಕ ತೆಗೆದು ನೋಡುತ್ತಾರೆ, ಕರೆತಂದವನು ಬೇರೆಯವನು ಎಂದು ಗೊತ್ತಾಗಿ ವಾಪಸ್ ಕಳಿಸುತ್ತಾರೆ. ಕ್ರೈಸ್ತ ಮನೆಯ ಮಗುವಿಗೆ ಯೇಸು ಕಾಣಬಹುದು. ಬೆಳಕಿಗೆ ಯಾವ ಮುಖ ಬರುತ್ತದೆ ಅನ್ನುವುದರಲ್ಲಿ ಮನೆಯಲ್ಲಿ ಕೇಳಿ ಬೆಳೆದ ಕತೆಯ ಪಾಲು ದೊಡ್ಡದು ಎಂದೇ ನನ್ನ ಅಭಿಪ್ರಾಯ.

ಮಕ್ಕಳ ಕತೆಗಳು ಮಾತ್ರ ಚಿಕ್ಕವು. ಸಿಯಾಟಲ್‌ನ ಮಕ್ಕಳ ವೈದ್ಯ ಮೆಲ್ವಿನ್ ಮೋರ್ಸ್ 1980ರ ದಶಕದಲ್ಲಿ ಇಂಥ ಮಕ್ಕಳ ಮಾತುಗಳನ್ನು ದಾಖಲಿಸಿದರು. ಬೆಳಕು, ದೇಹದಿಂದ ಹೊರಗೆ ತೇಲುವುದು ಇವೆಲ್ಲ ಅಲ್ಲೂ ಇವೆ. ದೊಡ್ಡವರು ಹೇಳುವ ಹಾಗೆ ಇಡೀ ಬದುಕು ಕಣ್ಣ ಮುಂದೆ ಹಾದುಹೋಗುವುದು ಅಪರೂಪ. ಏಳು ವರ್ಷದವನಿಗೆ ಹಿಂತಿರುಗಿ ನೋಡಲು ಎಷ್ಟು ಬದುಕಿರುತ್ತದೆ, ಅಲ್ವಾ? ಸತ್ತ ತಾತನ ಬದಲು ಬದುಕಿರುವ ಟೀಚರೋ ಗೆಳೆಯನೋ ಕಾಣಿಸುವುದೂ ಉಂಟು. ನಮ್ಮ ಹುಡುಗನ ಮಿಸ್, ಅವನು ಅದನ್ನು ಹೇಳಿದ ಮಾರನೇ ದಿನವೇ ಅವನನ್ನು ನೋಡಲು ವಾರ್ಡಿಗೆ ಬಂದಿದ್ದರು.

ವಿಜ್ಞಾನ ಏನು ಹೇಳುತ್ತದೆ? ಕಣ್ಣಿಗೆ ರಕ್ತ ಕಡಿಮೆಯಾದರೆ ಅಂಚಿನ ನೋಟ ಮೊದಲು ಹೋಗುತ್ತದೆ. ನಡುವೆ ಬೆಳಕಿನ ಸುರಂಗ ಉಳಿಯುತ್ತದೆ. ಜೋರಾಗಿ ತಿರುಗುವ ಯಂತ್ರದಲ್ಲಿ ತರಬೇತಿ ಪಡೆಯುವ ಯುದ್ಧವಿಮಾನ ಪೈಲಟ್‌ಗಳಿಗೂ ಹೀಗಾಗುತ್ತದೆ. 2002ರಲ್ಲಿ ನರವಿಜ್ಞಾನಿ ಓಲಾಫ್ ಬ್ಲಾಂಕೆ ತಂಡ ಮೂರ್ಛೆರೋಗದ ಮಹಿಳೆಯೊಬ್ಬರ ಮೆದುಳಿನ ಬಲಭಾಗದ ಒಂದು ಜಾಗಕ್ಕೆ ಸಣ್ಣ ವಿದ್ಯುತ್ ಕೊಟ್ಟಾಗ, ತಾನು ಮೇಲಿಂದ ತನ್ನನ್ನೇ ನೋಡುತ್ತಿದ್ದೇನೆ ಎಂದರು ಆಕೆ. ಹೊಲಿಗೆ ಹಾಕುವಾಗ ನಾವು ಮಕ್ಕಳಿಗೆ ಕೊಡುವ ಕೆಟಮೈನ್ ಎಂಬ ಅರಿವಳಿಕೆ ಔಷಧಿ ಕೂಡ ತೇಲಿದ ಅನುಭವ ತರಬಲ್ಲದು. ಐಸಿಯುನ ಔಷಧಿ, ಜ್ವರ, ನಿದ್ದೆಗೇಡಿನಿಂದಲೂ ಮಕ್ಕಳಿಗೆ ಇಲ್ಲದ್ದು ಕಾಣುತ್ತದೆ. ಆದರೆ ಆ ಭ್ರಮೆ ಸಾಮಾನ್ಯವಾಗಿ ಚೂರುಚೂರು, ಗಲಿಬಿಲಿ. ಈ ಹುಡುಗನ ಮಾತು ಸ್ಪಷ್ಟವಾಗಿತ್ತು.

ಇದರಿಂದ ಎಲ್ಲ ಬಗೆಹರಿಯಿತು ಅನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ. 2001ರಲ್ಲಿ ನೆದರ್ಲೆಂಡ್ಸ್‌ನ ಹೃದಯತಜ್ಞ ಪಿಮ್ ವಾನ್ ಲೊಮೆಲ್ ತಂಡ, ಹೃದಯ ನಿಂತು ಬದುಕಿದ 344 ಜನರನ್ನು ವಿಚಾರಿಸಿತು. ಇಂಥ ಅನುಭವ ಹೇಳಿದವರು 62 ಜನ. ಆಮ್ಲಜನಕದ ಕೊರತೆಯೊಂದೇ ಕಾರಣವಾಗಿದ್ದರೆ ಇನ್ನೂ ಜಾಸ್ತಿ ಜನಕ್ಕೆ ಆಗಬೇಕಿತ್ತಲ್ಲ? 2023ರಲ್ಲಿ ಅಮೆರಿಕದ ಮಿಷಿಗನ್‌ನ ನರವಿಜ್ಞಾನಿ ಜಿಮೊ ಬೋರ್ಜಿಗಿನ್ ತಂಡ, ಸಾಯುತ್ತಿದ್ದ ನಾಲ್ವರಲ್ಲಿ ಇಬ್ಬರ ಮೆದುಳಿನಲ್ಲಿ ಕೊನೆಗಳಿಗೆಯಲ್ಲಿ ಗಾಮಾ ಅಲೆಗಳು, ಅಂದರೆ ಮೆದುಳು ಚುರುಕಾಗಿರುವಾಗ ಕಾಣುವ ವೇಗದ ವಿದ್ಯುತ್ ಅಲೆಗಳು, ಉಕ್ಕಿದ್ದನ್ನು ಕಂಡಿತು. ಆ ಇಬ್ಬರೂ ಬದುಕಲಿಲ್ಲ. ಅವರಿಗೇನಾದರೂ ಕಂಡಿತೇ ಎಂದು ಕೇಳುವ ಹಾಗಿರಲಿಲ್ಲ.

ತಂದೆತಾಯಿಗೆ ನಾನು ಹೇಳುವುದು ಇಷ್ಟು. ಮಗು ಮೊದಲ ಸಲ ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದಿಡಿ. "ಆಮೇಲೆ?" ಅನ್ನಿ, ಸಾಕು. "ಸುಮ್ನೆ ಕನಸು ಕಣೋ" ಅನ್ನಬೇಡಿ. ಮೊಬೈಲ್ ಹಿಡಿದು ಬಂದವರ ಮುಂದೆ ಮತ್ತೆ ಮತ್ತೆ ಹೇಳಿಸಲೂ ಬೇಡಿ. 2004ರಲ್ಲಿ ಆರು ವರ್ಷದ ಅಮೆರಿಕನ್ ಹುಡುಗನೊಬ್ಬ ಕಾರು ಅಪಘಾತದಲ್ಲಿ ಕೋಮಾಕ್ಕೆ ಹೋಗಿ ಎದ್ದ. ಸ್ವರ್ಗ ನೋಡಿದೆ ಎಂದ. ಆ ಕತೆ 2010ರಲ್ಲಿ ಪುಸ್ತಕವಾಯಿತು, ಲಕ್ಷಾಂತರ ಜನ ಕೊಂಡರು. 2015ರಲ್ಲಿ ಅವನೇ ಬಹಿರಂಗ ಪತ್ರ ಬರೆದ: ನಾನು ಸಾಯಲಿಲ್ಲ, ಸ್ವರ್ಗಕ್ಕೆ ಹೋಗಲಿಲ್ಲ, ಎಲ್ಲರ ಗಮನ ಸಿಗಲಿ ಎಂದು ಹೇಳಿದ್ದೆ. ಪ್ರಕಾಶಕರು ಪುಸ್ತಕ ವಾಪಸ್ ತೆಗೆದುಕೊಂಡರು. ಅಷ್ಟು ವರ್ಷ ಆ ಕತೆಯ ಭಾರ ಹೊತ್ತವನು ಆ ಮಗು.

ಯಮನ ಮನೆಗೆ ಹೋಗಿ ಬಂದ ಮಗು ಎಂದರೆ ನಮಗೆ ನೆನಪಾಗುವವನು ಕಠೋಪನಿಷತ್ತಿನ ನಚಿಕೇತ. ಸಾವಿನ ಗುಟ್ಟು ಕೇಳಿದ್ದು ಅವನ ಮೂರನೇ ವರ. ಮೊದಲ ವರದಲ್ಲಿ ಅವನು ಕೇಳಿದ್ದೇ ಬೇರೆ: ನಾನು ವಾಪಸ್ ಹೋದಾಗ ಅಪ್ಪನ ಕೋಪ ಇಳಿದಿರಲಿ, ನನ್ನನ್ನು ಗುರುತಿಸಿ ಮಾತಾಡಿಸಲಿ.

ತಪಾಸಣೆಗೆ ಬಂದ ಆ ದಿನ ಅಜ್ಜಿಯನ್ನೂ ಅಮ್ಮನನ್ನೂ ಸ್ವಲ್ಪ ಹೊತ್ತು ಹೊರಗೆ ಕೂರಿಸಿದೆ. ಮಿಸ್ ಮನೆಗೆ ಹೋಗು ಅಂದರಲ್ಲ, ಆಮೇಲೆ ಏನಾಯ್ತು ಎಂದು ಹುಡುಗನನ್ನು ಕೇಳಿದೆ. ಅವನು ಕೋಣದ ಮಾತೇ ಎತ್ತಲಿಲ್ಲ. ತುಂಬಾ ಹೊತ್ತು ಷರ್ಟಿನ ಗುಂಡಿ ತಿರುಗಿಸುತ್ತಿದ್ದ.

"ಹೊಂಡದ ಹತ್ರ ಹೋಗಬೇಡ ಅಂತ ಅಪ್ಪ ಹೇಳಿದ್ರು. ನಾನು ಹೋದೆ. ಈಗ ಅಪ್ಪ ನನ್ನ ಹತ್ರ ಮಾತೇ ಆಡಲ್ಲ ಡಾಕ್ಟ್ರೇ."

ಅಪ್ಪ ಹೊರಗೆ ಬೈಕಿನ ಪಕ್ಕ ನಿಂತಿದ್ದರು. ಒಳಗೆ ಕರೆಸಿದೆ.