ಮನೆ ಮೇಲೆ ಸೋಲಾರ್ ಹಾಕಿಸಿದರೆ ಕರೆಂಟ್ ಹೋದಾಗಲೂ ಲೈಟ್ ಉರಿಯುತ್ತಾ?

ಪ್ರಶ್ನೆ: ನಮ್ಮದು ಹೊಸನಗರದ ಕಡೆ ಕಾಡಂಚಿನ ಮನೆ. ಮಳೆಗಾಲದಲ್ಲಿ ಒಮ್ಮೆ ಕರೆಂಟ್ ಹೋದರೆ ಎರಡು ಮೂರು ದಿನ ಪತ್ತೆ ಇರಲ್ಲ. ಈಗ ಸರ್ಕಾರ ಸಬ್ಸಿಡಿ ಕೊಡುತ್ತಿದೆಯಲ್ಲ, 3 ಕಿಲೋವಾಟ್ ಸೋಲಾರ್ ಹಾಕಿಸಿದರೆ ಈ ತಾಪತ್ರಯ ತಪ್ಪುತ್ತಾ?

ಇಲ್ಲ, ತಪ್ಪುವುದಿಲ್ಲ. ಹೊಸನಗರ, ತೀರ್ಥಹಳ್ಳಿ, ಸಾಗರ ಅಂತ ಊರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಇದೇ. ಸಬ್ಸಿಡಿಯಲ್ಲಿ ಸಾಮಾನ್ಯವಾಗಿ ಹಾಕುವುದು ಆನ್‌ಗ್ರಿಡ್ ಸೋಲಾರ್, ಅಂದರೆ ಬ್ಯಾಟರಿ ಇಲ್ಲದೆ ನೇರ ಲೈನ್‌ಗೆ ಜೋಡಿಸಿದ್ದು. ಅದು ಮೆಸ್ಕಾಂ ಕರೆಂಟ್ ಹೋದ ಕ್ಷಣವೇ ತಾನೂ ಬಂದ್ ಆಗುತ್ತದೆ. ಹೊರಗೆ ಸುಡುಬಿಸಿಲಿದ್ದರೂ ಅಷ್ಟೇ.

ಇದು ಕಂಪನಿಯ ಮೋಸ ಅಲ್ಲ, ಬೇಕಂತಲೇ ಹಾಗೆ ಮಾಡಿರುವುದು. ಮರ ಬಿದ್ದು ಲೈನ್ ತುಂಡಾಗಿದೆ, ಸಬ್‌ಸ್ಟೇಷನ್‌ನಲ್ಲಿ ಆಫ್ ಮಾಡಿದ್ದಾರೆ ಅಂತ ನಂಬಿ ಲೈನ್‌ಮ್ಯಾನ್ ಕಂಬ ಹತ್ತಿರುತ್ತಾರೆ. ಆಗ ನಿಮ್ಮ ಮಾಡಿನ ಕರೆಂಟ್ ಮೀಟರ್ ದಾಟಿ ಅದೇ ತಂತಿಗೆ ಹರಿದರೆ? ನಿಮ್ಮ ಮನೆಯ 230 ವೋಲ್ಟ್ ಟಿಸಿಯಲ್ಲಿ (ಊರಿನ ಟ್ರಾನ್ಸ್‌ಫಾರ್ಮರ್) ಹಿಂದುಮುಂದಾಗಿ ಹೋಗಿ 11 ಸಾವಿರ ವೋಲ್ಟ್ ಆಗಬಹುದು. ಜೀವ ಹೋಗುವ ವಿಷಯ. ಅದಕ್ಕೇ ಪ್ಯಾನೆಲ್‌ನ ಕರೆಂಟನ್ನು ಮನೆಯ ಕರೆಂಟಾಗಿ ಬದಲಿಸುವ ಆನ್‌ಗ್ರಿಡ್ ಇನ್ವರ್ಟರ್ ಲೈನನ್ನು ಸದಾ ಗಮನಿಸುತ್ತಿರುತ್ತದೆ, ಅಲ್ಲಿ ಕರೆಂಟ್ ಇಲ್ಲ ಅಂತ ಗೊತ್ತಾದ ತಕ್ಷಣ ಕೈ ಬಿಡುತ್ತದೆ.

ಇನ್ನೊಂದು ಮಾತು. ನಮ್ಮ ಕಡೆ ಕರೆಂಟ್ ಹೋಗುವುದು ಉತ್ಪಾದನೆ ಸಾಲದೆ ಅಲ್ಲ. ಜೋಗದ ಮಹಾತ್ಮಾ ಗಾಂಧಿ ವಿದ್ಯುದಾಗಾರ 1948ರಿಂದ ಇದೆ. ಲಿಂಗನಮಕ್ಕಿ ಡ್ಯಾಮ್ 1964ರದ್ದು. ಆ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರ ಒಂದರದ್ದೇ 1035 ಮೆಗಾವಾಟ್ ಸಾಮರ್ಥ್ಯ. ಆದರೂ ಈ ಯೋಜನೆಗಾಗಿ ಮನೆ ಗದ್ದೆ ಮುಳುಗಿಸಿಕೊಂಡ ಎಷ್ಟೋ ಜನ ಹಿನ್ನೀರಿನ ಆಚೆ ದಶಕಗಟ್ಟಲೆ ಚಿಮಣಿ ದೀಪದಲ್ಲೇ ಬದುಕಿದರು. ದೇಶದ ಎಲ್ಲ ಹಳ್ಳಿಗೂ ವಿದ್ಯುತ್ ತಲುಪಿತು ಅಂತ ಕೇಂದ್ರ ಸರ್ಕಾರ ಹೇಳಿದ್ದು 2018ರ ಏಪ್ರಿಲ್‌ನಲ್ಲಿ. ಆದರೆ ಊರಿನ ನೂರರಲ್ಲಿ ಹತ್ತು ಮನೆಗೆ ಕನೆಕ್ಷನ್ ಇದ್ದರೂ ಆ ಲೆಕ್ಕದಲ್ಲಿ ಅದು ವಿದ್ಯುತ್ ಬಂದ ಹಳ್ಳಿಯೇ! ಕರೆಂಟ್ ತಯಾರಿಸುವುದು ಒಂದು ಕೆಲಸ, ಅದನ್ನು ಕೊನೆಯ ಮನೆಗೆ ಮುಟ್ಟಿಸಿ ಪುಷ್ಯ ಮಳೆಯಲ್ಲೂ ನಿಲ್ಲದ ಹಾಗೆ ನೋಡಿಕೊಳ್ಳುವುದು ಬೇರೆಯೇ ಕೆಲಸ. ಕಾಡಿನ ಮಧ್ಯೆ ಕಿಲೋಮೀಟರ್‌ಗಟ್ಟಲೆ ಹಾದು ಬರುವ ಹೊದಿಕೆ ಇಲ್ಲದ ತಂತಿಗೆ ಒಂದು ಕೊಂಬೆ ತಾಗಿದರೂ ಇಡೀ ಫೀಡರ್ (ಸಬ್‌ಸ್ಟೇಷನ್‌ನಿಂದ ಹೊರಡುವ ಲೈನ್) ಟ್ರಿಪ್ ಆಗುತ್ತದೆ, ಎಲ್ಲಿ ತಾಗಿದೆ ಅಂತ ಆ ಮಳೆಯಲ್ಲಿ ಯಾರಾದರೂ ನಡೆದೇ ಹುಡುಕಬೇಕು. ಇದಕ್ಕೆ ನಿಜವಾದ ಮದ್ದು ಹೊದಿಕೆ ಇರುವ ತಂತಿ ಅಥವಾ ಕೇಬಲ್. ಅದನ್ನು ನೀವು ನಾವು ಹಾಕಿಸುವುದಲ್ಲ, ಕೇಳಿ ಕೇಳಿ ಹಾಕಿಸಿಕೊಳ್ಳಬೇಕು.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು?

ಕರೆಂಟ್ ಇಲ್ಲದಾಗ ಏನೇನು ಓಡಲೇಬೇಕು ಅಂತ ಮೊದಲು ಲೆಕ್ಕ ಹಾಕಿ. 9 ವಾಟ್‌ನ ಆರು ಎಲ್‌ಇಡಿ ಬಲ್ಬು ಐದು ಗಂಟೆ ಉರಿದರೆ ಕಾಲು ಯೂನಿಟ್. ವೈಫೈ ಡಬ್ಬಿ ದಿನವಿಡೀ ಇದ್ದರೂ ಕಾಲು ಯೂನಿಟ್. 30 ವಾಟ್‌ನ ಹೊಸ ನಮೂನೆ ಫ್ಯಾನ್ ರಾತ್ರಿಯಿಡೀ ತಿರುಗಿದರೆ ಇನ್ನೊಂದು ಕಾಲು. ಮೊಬೈಲ್ ಚಾರ್ಜಿಂಗ್ ಸೇರಿಸಿದರೂ ಒಂದು ಯೂನಿಟ್ ಒಳಗೇ. ಇಷ್ಟಕ್ಕೆ 3 ಕಿಲೋವಾಟ್ ಯಾಕೆ? ಮನೆಯಲ್ಲಿ ಈಗಾಗಲೇ ಯುಪಿಎಸ್ ಇದ್ದರೆ ಅದರ 150 ಎಎಚ್ ಬ್ಯಾಟರಿಯಲ್ಲಿ ಹೆಚ್ಚುಕಮ್ಮಿ ಒಂದು ಯೂನಿಟ್ ಧೈರ್ಯವಾಗಿ ಬಳಸಬಹುದು. ಅದಕ್ಕೆ ಚಾರ್ಜ್ ಕಂಟ್ರೋಲರ್ (ಬ್ಯಾಟರಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಡಬ್ಬಿ) ಇಟ್ಟು 1 ಕಿಲೋವಾಟ್‌ನಷ್ಟು ಪ್ಯಾನೆಲ್ ಜೋಡಿಸಿದರೆ ನಿಮ್ಮ ತಾಪತ್ರಯದ ಬಹುಪಾಲು ಮುಗಿಯಿತು. ಫ್ರಿಡ್ಜ್, ಮಿಕ್ಸಿ, ಬಾವಿ ಪಂಪು ಎಲ್ಲವೂ ಓಡಬೇಕು ಅಂದರೆ ಲೈನ್, ಪ್ಯಾನೆಲ್, ಬ್ಯಾಟರಿ ಮೂರನ್ನೂ ನಿಭಾಯಿಸುವ ಹೈಬ್ರಿಡ್ ಇನ್ವರ್ಟರ್, ದೊಡ್ಡ ಲಿಥಿಯಂ ಬ್ಯಾಟರಿ ಬೇಕು. ಖರ್ಚು ಎಲ್ಲೋ ಹೋಗುತ್ತದೆ. ಪಂಪು ಶುರುವಾಗುವಾಗ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಅದನ್ನು ಇನ್ವರ್ಟರ್ ತಡೆಯುತ್ತಾ ಅಂತ ಕೇಳಿಯೇ ದುಡ್ಡು ಕೊಡಿ.

ಬಿಸಿಲಿನ ದಿನ 1 ಕಿಲೋವಾಟ್ ಪ್ಯಾನೆಲ್ 4 ಯೂನಿಟ್ ಆಸುಪಾಸು ಕೊಡುತ್ತದೆ. ಆರಿದ್ರೆಯಿಂದ ಆಶ್ಲೇಷದವರೆಗೆ ಮೋಡ ಕವಿದ ದಿನಗಳಲ್ಲಿ ಅದರ ಕಾಲು ಭಾಗ ಬಂದರೆ ಪುಣ್ಯ. ಮೇಲೆ ಹೇಳಿದ ಒಂದು ಯೂನಿಟ್‌ಗೆ ಅಷ್ಟು ಸಾಕು. ಆದರೆ ಗುಡ್ಡದ ಬುಡದ ಮನೆ, ಸುತ್ತ ಅಡಿಕೆ ತೋಟ ಅಂದರೆ ನೆರಳು ನೋಡಿಕೊಳ್ಳಿ. ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಒಂದರ ಮೇಲೆ ನೆರಳು ಬಿದ್ದರೂ ಉಳಿದವುಗಳ ಕೆಲಸವೂ ಕುಗ್ಗುತ್ತದೆ. ಹಂಚಿನ ಮಾಡಿಗಿಂತ ಕೊಟ್ಟಿಗೆಯ ಶೀಟೋ ಅಂಗಳದ ಸ್ಟ್ಯಾಂಡೋ ವಾಸಿ, ಪಾಚಿ ತೊಳೆಯಲು ಕೈಗೆ ಸಿಗುತ್ತದೆ. ಏಪ್ರಿಲ್‌ನ ಗುಡುಗು ಮಳೆಗೆ ಮುಂಚೆ ಅರ್ತಿಂಗ್ ಪರೀಕ್ಷೆ ಮಾಡಿಸಿ, ಸಿಡಿಲಿಗೆ ಇನ್ವರ್ಟರ್ ಸುಡುವುದು ಆಗಲೇ ಜಾಸ್ತಿ. (ಮಂಗಗಳಿಗೆ ನನ್ನ ಹತ್ತಿರ ಉತ್ತರ ಇಲ್ಲ.)

ಸಬ್ಸಿಡಿ ವಿಷಯ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್‌ನಲ್ಲಿ 1 ಕಿಲೋವಾಟ್‌ಗೆ 30,000, ಎರಡಕ್ಕೆ 60,000, ಮೂರು ಮತ್ತು ಮೇಲ್ಪಟ್ಟದ್ದಕ್ಕೆ 78,000 ರೂಪಾಯಿ. ಇದು ಲೈನ್‌ಗೆ ಜೋಡಿಸಿದ ಸೋಲಾರ್‌ಗೆ, ಬ್ಯಾಟರಿಗಲ್ಲ. ಅಂದರೆ ಇದರ ಉದ್ದೇಶವೇ ಬಿಲ್ ಉಳಿಸುವುದು. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ಒಳಗಿದ್ದು ಸೊನ್ನೆ ಬಿಲ್ ಬರುತ್ತಿರುವ ಮನೆಗೆ ಉಳಿಸಲು ಏನಿದೆ ಹೇಳಿ? ದೊಡ್ಡ ಮನೆ, ಹೋಂಸ್ಟೇ, ಅಂಗಡಿ ಇದ್ದವರಿಗೆ ಬೇರೆ ಲೆಕ್ಕ. ನಿಮಗೆ ಬೇಕಿರುವುದು ಬೆಳಕು, ಬಿಲ್ ಕಡಿತ ಅಲ್ಲ. ಏಜೆಂಟ್ ಎರಡನ್ನೂ ಒಟ್ಟಿಗೆ ಸೇರಿಸಿ ಮಾತಾಡುತ್ತಾನೆ, ನೀವು ಬಿಡಿಸಿ ಕೇಳಿ: "ಲೈನ್ ಹೋದಾಗ ಇದು ಓಡುತ್ತಾ? ಎಷ್ಟು ಹೊತ್ತು?"

ಇಷ್ಟೆಲ್ಲ ಹೇಳಿದ ಮೇಲೆ ನನಗೆ ನಿಜಕ್ಕೂ ಇಷ್ಟದ ವಿಷಯಕ್ಕೆ ಬರುತ್ತೇನೆ. ಮನೆ ಹಿಂದೆ ಗುಡ್ಡದಿಂದ ಇಳಿಯುವ ಹಳ್ಳ ಇದೆಯಾ? ಸೆಕೆಂಡಿಗೆ 10 ಲೀಟರ್ ನೀರು ಪೈಪಿನಲ್ಲಿ 20 ಮೀಟರ್ ಇಳಿದರೆ ಸುಮಾರು 2 ಕಿಲೋವಾಟ್ ಶಕ್ತಿ. ಅರ್ಧ ಸೋರಿಹೋದರೂ 1 ಕಿಲೋವಾಟ್ ಕೈಗೆ ಸಿಗುತ್ತದೆ, ಅದೂ ಹಗಲು ರಾತ್ರಿ, ದಿನಕ್ಕೆ 24 ಯೂನಿಟ್. ಸೋಲಾರ್ ಸೋಲುವ ತಿಂಗಳಲ್ಲೇ ಹಳ್ಳ ತುಂಬಿರುತ್ತದೆ ಅಲ್ವಾ! ಪಿಕೋ ಹೈಡ್ರೋ ಎಂಬ ಈ ಪುಟ್ಟ ಟರ್ಬೈನ್‌ಗಳು ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇವೆ, ರಾಜ್ಯದ ನವೀಕರಿಸಬಹುದಾದ ಇಂಧನ ಸಂಸ್ಥೆ ಕ್ರೆಡಲ್ ಹಿಂದೆ ಇದಕ್ಕೆ ಸಬ್ಸಿಡಿಯನ್ನೂ ಕೊಟ್ಟಿತ್ತು. ಅಳೆಯುವುದೂ ಸುಲಭ. ಮಳೆ ಹಿಡಿದ ಮೇಲೆ ಹಳ್ಳದ ನೀರನ್ನು ಪೈಪಿಗೆ ತಿರುಗಿಸಿ, 20 ಲೀಟರ್ ಬಕೆಟ್ ಎರಡು ಸೆಕೆಂಡಿನಲ್ಲಿ ತುಂಬಿದರೆ ಅದೇ ಸೆಕೆಂಡಿಗೆ 10 ಲೀಟರ್. ಬೇಸಿಗೆಯಲ್ಲಿ ಅಳೆದು ಬೇಜಾರಾಗಬೇಡಿ, ಆಗ ಹೇಗೂ ಬಿಸಿಲಿದೆ. ಹಳ್ಳ ಅರಣ್ಯದ ಜಾಗದಲ್ಲಿದ್ದರೆ ಅನುಮತಿ ಕೇಳಬೇಕು. ಮತ್ತೆ, ನೀರು ಒಳಹೋಗುವ ಜಾಲರಿಗೆ ದರಕು (ಉದುರಿದ ಎಲೆ) ಕಟ್ಟಿಕೊಂಡು ಟರ್ಬೈನ್ ನಿಲ್ಲುವುದು ಯಾವಾಗಲೂ ಜೋರು ಮಳೆಯಲ್ಲೇ. ಕೊಡೆ ಹಿಡಿದು, ಜಿಗಣೆ ಕಿತ್ತುಕೊಳ್ಳುತ್ತ ಗುಡ್ಡ ಹತ್ತಿ ಅದನ್ನು ತೆಗೆಯುವವರು ಯಾರು ಅಂತ ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ.